ಎಡಗೈ ಹೊಲಿಗೆ

ಅನುದಾನದ ಕಡೆಯವರು ಅಂದರೆ ಕಾರಿನಲ್ಲಿ ಬರಬೇಕು. ಕಾರಿನ ಮುಂದೆ ಒಂದು ಬೋರ್ಡು, ಹಿಂದಿನ ಸೀಟಿನಲ್ಲಿ ಫೈಲು ತಬ್ಬಿಕೊಂಡ ಒಬ್ಬ ಗುಮಾಸ್ತ ಇರಬೇಕು. ಇಳಿದ ಕೂಡಲೇ ಕೈ ತೊಳೆಯುವುದೆಲ್ಲಿ ಎಂದು ಕೇಳಬೇಕು. ಮೂವತ್ತನಾಲ್ಕು ವರ್ಷದ ನೌಕರಿಯಲ್ಲಿ ಅಕ್ಕ ಕಂಡದ್ದು ಇದನ್ನೇ. ಆದರೆ ಈ ಮೇಡಂ ಬೆಳಗಿನ ಬಸ್ಸಿನಲ್ಲಿ ತರಕಾರಿ ಮೂಟೆಗಳ ನಡುವೆ ಕೂತು ಬಂದು, ಒಂದೇ ಒಂದು ಬ್ಯಾಗನ್ನು ಹೆಗಲಿಗೇರಿಸಿಕೊಂಡು, ಯಾರನ್ನೂ ದಾರಿ ಕೇಳದೆ ಆಸ್ಪತ್ರೆಯ ಹಿಂಬಾಗಿಲಿನಿಂದ ಒಳಗೆ ಬಂದರು. ಹಿಂಬಾಗಿಲಿನಿಂದ ಬರುವವರು ಎರಡೇ ಬಗೆ. ಒಂದು ಹಾಲಿನವರು, ಇನ್ನೊಂದು ಏನನ್ನೋ ಹುಡುಕಿಕೊಂಡು ಬರುವವರು. ಇವರ ಕೈಯಲ್ಲಿ ಹಾಲಿನ ಕ್ಯಾನು ಇರಲಿಲ್ಲ.

ಅಕ್ಕ ಆ ನಲವತ್ತು ಹಾಸಿಗೆಯ ಆಸ್ಪತ್ರೆಯ ಹಿರಿಯ ನರ್ಸು. ಊರಿಗೆಲ್ಲ ಅಕ್ಕ. ಅವಳಿಗಿಂತ ಹತ್ತು ವರ್ಷ ದೊಡ್ಡವರಾದ, ನಿವೃತ್ತಿ ದಾಟಿದರೂ ಬದಲಿಯಿಲ್ಲದೆ ಉಳಿದಿದ್ದ ಡಾಕ್ಟರೂ ಅಕ್ಕ ಎಂದೇ ಕರೆಯುತ್ತಿದ್ದರು. ಮಧ್ಯಾಹ್ನದೊಳಗೆ ಔಷಧಿ ಕೋಣೆಯವನು ಈ ಮೇಡಂಗೆ ‘ಬಸ್ಸಿನ ಮೇಡಂ’ ಎಂದು ಹೆಸರಿಟ್ಟಾಗ ಎಲ್ಲರೂ ನಕ್ಕರು, ಅಕ್ಕ ಮಾತ್ರ ನಗಲಿಲ್ಲ. ಕಾರಿನಲ್ಲಿ ಬಂದವರನ್ನು ಚಹಾ ಬಿಸ್ಕತ್ತು ಕೊಟ್ಟು ಕಳಿಸಬಹುದು, ಬಸ್ಸಿನಲ್ಲಿ ಬಂದವರು ಸುಲಭಕ್ಕೆ ಹೋಗುವುದಿಲ್ಲ ಎಂದು ಅವಳ ಒಳಮನಸ್ಸು ಹೇಳುತ್ತಿತ್ತು.

ವಿಷಯ ಇಷ್ಟೇ. ಡಾಕ್ಟರಿಕೆ ಓದಿ ಮುಗಿಸಿದ ಹುಡುಗ ಹುಡುಗಿಯರು ಮೂರು ವರ್ಷ ಯಾವುದಾದರೂ ದೊಡ್ಡ ಆಸ್ಪತ್ರೆಯಲ್ಲಿ ಹಿರಿಯರ ಕೈಕೆಳಗೆ ದುಡಿದು ಕಲಿಯುತ್ತಾರೆ. ಅದಕ್ಕೆ ರೆಸಿಡೆನ್ಸಿ ಎನ್ನುತ್ತಾರೆ. ಕಲಿತ ಜಾಗದಲ್ಲೇ ಮನೆ ಮಾಡುತ್ತಾರೆ, ಮದುವೆಯಾಗುತ್ತಾರೆ, ಅಲ್ಲೇ ಬೇರು ಬಿಡುತ್ತಾರೆ. ಹಾಗಾಗಿ ದೊಡ್ಡ ಊರಿನಲ್ಲಿ ಬೀದಿಗೆ ಹತ್ತು ಡಾಕ್ಟರು, ಇಂಥ ಕಡೆ ನಲವತ್ತು ಹಳ್ಳಿಗೆ ಒಬ್ಬರು. ಇದನ್ನು ಮೇಲಿನವರು ಯಾರೋ ಪುಣ್ಯಾತ್ಮರು ಯೋಚಿಸಿ, ಆ ತರಬೇತಿಯನ್ನು ಸಣ್ಣ ಊರುಗಳಲ್ಲೇ ಶುರು ಮಾಡುವುದಕ್ಕೆ ಅನುದಾನ ಇಟ್ಟಿದ್ದರು. ಕಲಿಸುವ ಡಾಕ್ಟರ ಸಂಬಳ, ಕಲಿಯುವವರಿಗೆ ಇರಲು ಮನೆ, ಪಾಠದ ಕೋಣೆ, ಎಲ್ಲಕ್ಕೂ. ಡಾಕ್ಟರೇ ಅರ್ಜಿ ಹಾಕಿದ್ದರು. ಬಸ್ಸಿನ ಮೇಡಂ ಸ್ವತಃ ಡಾಕ್ಟರು. ಮೂರು ದಿನ ಇದ್ದು ನೋಡಬೇಕು, ನಾಲ್ಕನೇ ದಿನ ಆರು ಜನರ ಸಮಿತಿ ಬರುತ್ತದೆ, ಮೇಡಂ ಹೇಳಿದ್ದಕ್ಕೆ ಅವರು ಹೂಂ ಅನ್ನುತ್ತಾರೆ ಎಂಬುದು ಲೆಕ್ಕಾಚಾರ.

ಅಕ್ಕನಿಗೆ ಇದರಲ್ಲಿ ಎಳ್ಳಷ್ಟೂ ನಂಬಿಕೆಯಿರಲಿಲ್ಲ. ಅದಕ್ಕೆ ಕಾರಣವಿತ್ತು. ಐದು ವರ್ಷದ ಹಿಂದೆ ಪಕ್ಕದ ಊರಿನ ಆಸ್ಪತ್ರೆಗೂ ಇಂಥದೇ ಮೃದು ಮಾತಿನವರೊಬ್ಬರು ಸುಧಾರಣೆ ಮಾಡುತ್ತೇವೆ ಎಂದು ಬಂದಿದ್ದರು. ಬೆಣ್ಣೆಯಲ್ಲಿ ಕೂದಲು ತೆಗೆದ ಹಾಗೆ ಮಾತಾಡಿ, ಎಲ್ಲರ ಹೆಸರು ಕೇಳಿ, ಎಲ್ಲರ ಮಕ್ಕಳ ಓದು ವಿಚಾರಿಸಿ ಹೋದರು. ಎರಡು ತಿಂಗಳಿಗೆ ಅಲ್ಲಿನ ಹೆರಿಗೆ ಕೋಣೆಗೆ ಬೀಗ ಬಿತ್ತು. ಹೆರಿಗೆ ಹೊತ್ತಿನಲ್ಲಿ ಡಾಕ್ಟರು ಇರುವುದಿಲ್ಲ, ಆದ್ದರಿಂದ ಸುರಕ್ಷಿತವಲ್ಲ ಎಂದು ಕಾಗದ ಬಂತು. ಅಂದಿನಿಂದ ಆ ಕಡೆಯ ಬಸುರಿಯರೆಲ್ಲ ಒಂದು ಗಂಟೆ ಕುಲುಕಾಡಿಕೊಂಡು ಇಲ್ಲಿಗೆ ಬರುತ್ತಿದ್ದರು. ಇಬ್ಬರು ದಾರಿಯಲ್ಲೇ ಜೀಪಿನಲ್ಲಿ ಹೆತ್ತಿದ್ದರು. ಈ ಕೋಣೆಗೂ ಬೀಗ ಬಿದ್ದರೆ ಮುಂದಿನದು ಎರಡೂವರೆ ಗಂಟೆಯ ದಾರಿ. ಅಕ್ಕನಿಗೆ ಇದ್ದ ಭಯ ಇದೊಂದೇ, ಮತ್ತು ಅದು ಸಣ್ಣ ಭಯವೇನೂ ಅಲ್ಲ.

ಬೀಗ ಹಾಕಲು ನೆಪ ಹುಡುಕುವವರಿಗೆ ನೆಪ ಇಲ್ಲೂ ಇತ್ತು. ಡಾಕ್ಟರ ಕೈ ನಡುಗುತ್ತಿತ್ತು. ನಾಲ್ಕು ವರ್ಷದಿಂದ. ಜ್ವರ ನೋಡುತ್ತಿದ್ದರು, ಎದೆ ಕೇಳುತ್ತಿದ್ದರು, ರೋಗವನ್ನು ಮುಖ ನೋಡಿಯೇ ಹೇಳುತ್ತಿದ್ದರು, ಅದರಲ್ಲಿ ಅವರನ್ನು ಮೀರಿಸುವವರಿಲ್ಲ. ಆದರೆ ಸೂಜಿ ಹಿಡಿಯಲಾಗುತ್ತಿರಲಿಲ್ಲ. ಹೆರಿಗೆ ಕೋಣೆಯನ್ನು ಅಕ್ಕನೇ ನಿಭಾಯಿಸುತ್ತಿದ್ದಳು. ಅವಳಿಗೆ ಆ ಕೆಲಸವನ್ನು ಬೆರಳು ಹಿಡಿದು ಕಲಿಸಿದವರೂ ಡಾಕ್ಟರೇ, ಕೈ ಗಟ್ಟಿಯಿದ್ದ ಕಾಲದಲ್ಲಿ. ಪಕ್ಕದೂರಿಗೆ ಬೀಗ ಬಿದ್ದ ಮೇಲೆ ಇಲ್ಲಿ ಒಂದು ರೂಢಿ ಬೆಳೆಯಿತು. ಹೆರಿಗೆ ಮಾಡಿಸುವುದು ಅಕ್ಕ, ಪುಸ್ತಕದಲ್ಲಿ ಬರೆಯುವುದು ಡಾಕ್ಟರ ಹೆಸರು. ವಾರದ್ದನ್ನೆಲ್ಲ ಕೂಡಿಹಾಕಿ ಸೋಮವಾರ ಬೆಳಿಗ್ಗೆ ಡಾಕ್ಟರು ಒಟ್ಟಿಗೆ ಸಹಿ ಮಾಡುತ್ತಿದ್ದರು. ಹೋದ ವರ್ಷ ಇನ್ನೂರ ಹನ್ನೆರಡು ಹೆರಿಗೆ, ಇನ್ನೂರ ಹನ್ನೆರಡೂ ಡಾಕ್ಟರದ್ದೇ. ಆಸ್ಪತ್ರೆಯೊಳಗೆ ಇದು ಎಲ್ಲರಿಗೂ ಗೊತ್ತು, ಗೇಟಿನಾಚೆ ಒಂದು ನರಪಿಳ್ಳೆಗೂ ಗೊತ್ತಿಲ್ಲ. ಹೆತ್ತು ಹೋದವರೂ ಅಕ್ಕ ಡಾಕ್ಟರ ಮಾತಿನಂತೆ ಮಾಡುತ್ತಾಳೆ ಎಂದೇ ತಿಳಿದಿದ್ದರು.

ಅಕ್ಕನ ಬೀಗಿತ್ತಿಗೂ ಗೊತ್ತಿರಲಿಲ್ಲ, ಅದೇ ಇನ್ನೊಂದು ಪೇಚು. ಅಕ್ಕನ ಮಗ ಹಾಲಿನ ವ್ಯಾನು ಓಡಿಸುತ್ತಿದ್ದ, ಸೊಸೆಗೆ ಒಂಬತ್ತು ತುಂಬಿತ್ತು, ಚೊಚ್ಚಲು. ಮಗಳ ಹೆರಿಗೆಗೆಂದು ಬಂದು ಅಕ್ಕನ ಮನೆಯಲ್ಲಿ ತಳವೂರಿದ್ದ ಬೀಗಿತ್ತಿ ಅನುಮಾನಕ್ಕೆ ಹುಟ್ಟಿದವಳು. ಹಾಲನ್ನೂ ಮೂಸಿ ನೋಡಿ ಕುಡಿಯುವವಳು. ಈ ಸಣ್ಣ ಆಸ್ಪತ್ರೆ ಬೇಡ, ದೊಡ್ಡ ಊರಿಗೆ ಕರೆದುಕೊಂಡು ಹೋಗೋಣ ಎಂದು ತಿಂಗಳಿನಿಂದ ಒಂದೇ ರಾಗ. ಸೊಸೆ ಮಾತ್ರ, ನಾನು ಹೆತ್ತರೆ ಅತ್ತೆ ಇರುವ ಕಡೆ ಎಂದು ಪಟ್ಟು ಹಿಡಿದಿದ್ದಳು. ಕೊನೆಗೆ ಬೀಗಿತ್ತಿಯನ್ನು ಒಪ್ಪಿಸಲು ಅಕ್ಕ, ಡಾಕ್ಟರೇ ಖುದ್ದಾಗಿ ನಿಂತು ಮಾಡಿಸುತ್ತಾರೆ ಎಂದು ಮಾತು ಕೊಟ್ಟುಬಿಟ್ಟಿದ್ದಳು. ಬೀಗಿತ್ತಿ ಅದನ್ನು ಡಾಕ್ಟರ ಬಾಯಿಂದಲೂ ಕೇಳಿಸಿಕೊಂಡು ಬಂದಮೇಲೆಯೇ ಸುಮ್ಮನಾದದ್ದು.

ಮೊದಲ ದಿನ ಬಸ್ಸಿನ ಮೇಡಂ ಏನೂ ಮಾಡಲಿಲ್ಲ. ಅದೇ ಅಕ್ಕನಿಗೆ ತಡೆಯಲಾಗದ್ದು. ಹೊರರೋಗಿಗಳ ಬೆಂಚಿನಲ್ಲಿ ರೋಗಿಯ ಹಾಗೆ ಒಂದು ಗಂಟೆ ಕೂತರು. ಬಟ್ಟೆ ಒಗೆಯುವವಳ ಜೊತೆ ಹಿತ್ತಿಲಲ್ಲಿ ನಿಂತು ಚಾದರ ಎಷ್ಟು ದಿನಕ್ಕೆ ಹರಿಯುತ್ತದೆ ಎಂದು ಕೇಳಿದರು. ಅಡುಗೆಮನೆಯ ಪಾತ್ರೆಯ ಮುಚ್ಚಳ ಎತ್ತಿ ನೋಡಿದರು. ಹೆರಿಗೆ ಕೋಣೆಯಲ್ಲಿ ಮಾತ್ರ ಸ್ವಲ್ಪ ಹೊತ್ತು ನಿಂತು, ಹೆರಿಗೆ ಯಾರು ಮಾಡಿಸುತ್ತಾರೆ ಎಂದು ಸಹಜವಾಗಿ, ಇವತ್ತು ಬಿಸಿಲು ಜಾಸ್ತಿ ಅನ್ನುವವರ ಧಾಟಿಯಲ್ಲಿ ಕೇಳಿದರು. ಅಕ್ಕ ಮೊದಲೇ ಎಲ್ಲರಿಗೂ ಪಾಠ ಹೇಳಿಕೊಟ್ಟಿದ್ದಳು. ಡಾಕ್ಟರೇ ಎಂದಳು, ನಾವು ಬರೀ ಕೈನೆರವು. ಎರಡನೇ ನರ್ಸು, ಮೂರು ಮಕ್ಕಳ ತಾಯಿ, ಸುಳ್ಳು ಹೇಳಿ ಅಭ್ಯಾಸವಿಲ್ಲದವಳು, ಹೌದು ಹೌದು ಎಂದು ಒಂದರ ಬದಲು ಮೂರು ಸಲ ತಲೆಯಾಡಿಸಿದಳು. ಮೇಡಂ ಮುಗುಳ್ನಕ್ಕರು. ಆ ನಗು ಅಕ್ಕನಿಗೆ ಹಿಡಿಸಲಿಲ್ಲ.

ಸಂಜೆ ಡಾಕ್ಟರೂ ಮೇಡಂ ಇಬ್ಬರೂ ಕೋಣೆಯ ಹೊರಗಿನ ಕಲ್ಲುಬೆಂಚಿನ ಮೇಲೆ ಕೂತು ಚಹಾ ಕುಡಿದರು. ಅಕ್ಕ ಸಿರಿಂಜು ಎಣಿಸುವ ನೆಪದಲ್ಲಿ ಕಿಟಕಿ ಬಿಟ್ಟು ಕದಲಲಿಲ್ಲ. ಕಾಣುತ್ತಿತ್ತು, ಕೇಳಿಸುತ್ತಿರಲಿಲ್ಲ. ಡಾಕ್ಟರು ಅರ್ಧ ಗಂಟೆ ಮಾತಾಡಿದರು. ಅಷ್ಟು ಮಾತನ್ನು ಅವರು ಒಂದು ತಿಂಗಳಲ್ಲೂ ಆಡಿದವರಲ್ಲ. ಮೇಡಂ ನೋಟ್‌ಬುಕ್ಕು ಮಡಿಲಲ್ಲಿ ಮುಚ್ಚಿಟ್ಟುಕೊಂಡೇ ಕೇಳಿದರು, ಒಂದಕ್ಷರ ಬರೆಯಲಿಲ್ಲ. ಅದನ್ನು ಕಂಡು ಅಕ್ಕನಿಗೆ ತುಸು ನೆಮ್ಮದಿಯಾಯಿತು. ಬರೆದುಕೊಳ್ಳುವಂಥ ಮಾತು ಬಂದಿಲ್ಲ ಎಂದುಕೊಂಡಳು. ಆಮೇಲೆ ಡಾಕ್ಟರನ್ನು ಕೇಳಿದರೆ ಅವರು, ಹಳೇ ಕಾಲದ ಸುದ್ದಿ ಬಿಡು ಎಂದು ಕನ್ನಡಕ ಒರೆಸಿಕೊಂಡರು.

ಎರಡನೇ ದಿನ ಹೆರಿಗೆ ಪುಸ್ತಕ ಹೊರಗೆ ಬಂತು. ಮೇಡಂ ಹಿಂದಿನಿಂದ ಮುಂದಕ್ಕೆ ಓದುತ್ತಾ ಬಂದರು. ಅದೂ ಒಂದು ವಿದ್ಯೆಯೇ ಇರಬೇಕು, ಏಕೆಂದರೆ ಒಂದು ಪುಟದಲ್ಲಿ ಬೆರಳು ಸಿಕ್ಕಿಕೊಂಡಿತು. ಆ ವಾರ ಡಾಕ್ಟರು ಕಣ್ಣಿನ ಪೊರೆ ತೆಗೆಸಲು ದೊಡ್ಡ ಊರಿಗೆ ಹೋಗಿದ್ದರಲ್ಲವೇ, ರಜೆ ಪುಸ್ತಕದಲ್ಲಿ ಹಾಗಿದೆ, ಆದರೆ ಆ ವಾರದ ನಾಲ್ಕು ಹೆರಿಗೆಗೂ ಅವರದೇ ಸಹಿ ಇದೆ, ಅದು ಹೇಗೆ ಎಂದು ಕೇಳಿದರು. ರಜೆ ಪುಸ್ತಕವನ್ನು ಸರಿಮಾಡಬೇಕು ಎಂಬುದು ಇಷ್ಟು ವರ್ಷದಲ್ಲಿ ಯಾರ ತಲೆಗೂ ಹೊಳೆದಿರಲಿಲ್ಲ. ಸುಳ್ಳು ಹೇಳುವವರು ಎರಡೂ ಪುಸ್ತಕಕ್ಕೆ ಹೇಳಬೇಕು, ಇವರು ಒಂದಕ್ಕೆ ಹೇಳಿ ಇನ್ನೊಂದನ್ನು ಶುದ್ಧ ಮನಸ್ಸಿನಿಂದ ನಿಜವಾಗಿಟ್ಟಿದ್ದರು. ಅಕ್ಕ, ಅವರು ಹೋದ ಹಾಗೆ ವಾಪಸು ಬಂದಿದ್ದರು, ಕಣ್ಣಿಗೆ ಪಟ್ಟಿ ಕಟ್ಟಿಕೊಂಡೇ ಹೆರಿಗೆ ಮಾಡಿಸಿದರು ಎಂದಳು. ಹೇಳಿದ ಮೇಲೆ ಅವಳಿಗೇ ನಾಚಿಕೆಯಾಯಿತು. ಮೇಡಂ ಹೌದೇ ಎಂದು ಪುಟ ತಿರುಗಿಸಿದರು.

ಅಷ್ಟಕ್ಕೇ ಮುಗಿದಿದ್ದರೆ ಸಾಕಿತ್ತು. ಮಧ್ಯಾಹ್ನ ವಾರ್ಡಿನಲ್ಲಿ ಬಾಣಂತಿಯರನ್ನು ಒಬ್ಬೊಬ್ಬರಾಗಿ ಪರೀಕ್ಷಿಸಿದ ಮೇಡಂ, ಹೊರಗೆ ಬಂದು ಕೈ ತೊಳೆಯುತ್ತಾ, ಹೊಲಿಗೆ ತುಂಬಾ ಚೆನ್ನಾಗಿದೆ, ದೊಡ್ಡ ಆಸ್ಪತ್ರೆಯಲ್ಲೂ ಇಷ್ಟು ನೀಟಾಗಿ ಹಾಕುವವರು ಕಡಿಮೆ ಎಂದರು. ಅಕ್ಕನ ಮುಖ ಅರಳಿತು. ಅರಳಿದ್ದು ಗೊತ್ತಾಗಿ ತಕ್ಷಣ ಮುದುಡಿಸಿಕೊಂಡಳು.

“ದಾರ ಎಲ್ಲಾ ಎಡದಿಂದ ಬಲಕ್ಕೆ ಓಡಿದೆ,” ಎಂದರು ಮೇಡಂ. “ಡಾಕ್ಟ್ರು ಎಡಗೈಯವರಾ?”

ಎಡಗೈಯವಳು ಅಕ್ಕ. ಕತ್ತರಿ ಹಿಡಿಯುವುದು, ಸೂಜಿ ಹಿಡಿಯುವುದು, ಮಗನಿಗೆ ಸಣ್ಣವನಿದ್ದಾಗ ಏಟು ಕೊಟ್ಟದ್ದು, ಎಲ್ಲ ಎಡಗೈಯಲ್ಲೇ. ಡಾಕ್ಟರು ಅಪ್ಪಟ ಬಲಗೈಯವರು. ಅಕ್ಕ ಒಂದು ಕ್ಷಣವೂ ಯೋಚಿಸದೆ, ಹೌದು ಮೇಡಂ, ಹುಟ್ಟಿನಿಂದ ಎಂದುಬಿಟ್ಟಳು.

ಆಮೇಲೆ ನಡೆದದ್ದನ್ನು ಆಸ್ಪತ್ರೆಯವರು ಮುಂದೆ ಎಷ್ಟೋ ದಿನ ನೆನೆಸಿಕೊಂಡು ನಗುತ್ತಿದ್ದರು, ಅವತ್ತು ಮಾತ್ರ ಯಾರಿಗೂ ನಗು ಬರಲಿಲ್ಲ. ಅಕ್ಕ ಓಡಿಹೋಗಿ ಡಾಕ್ಟರ ಕೋಣೆಯ ಬಾಗಿಲು ಹಾಕಿಕೊಂಡು, ಇವತ್ತಿನಿಂದ ನೀವು ಎಡಗೈಯವರು ಎಂದು ಅಪ್ಪಣೆ ಮಾಡಿದಳು. ಡಾಕ್ಟರು ಏನೋ ಹೇಳಲು ಬಾಯಿ ತೆರೆದರು. ಕೇಳುವ ಸಹನೆ ಅವಳಿಗಿರಲಿಲ್ಲ. ಸಂಜೆಯ ಚಹಾ ಬಂದಾಗ ಡಾಕ್ಟರು ಪಾಪ ಎಡಗೈಯಲ್ಲಿ ಲೋಟ ಎತ್ತಿದರು. ನಡುಗುವ ಕೈ, ಅದರ ಮೇಲೆ ರೂಢಿಯಿಲ್ಲದ ಕೈ. ಅರ್ಧ ಚಹಾ ಷರ್ಟಿಗೆ, ಕಾಲು ಭಾಗ ಮೇಜಿಗೆ, ಉಳಿದದ್ದು ಬಾಯಿಗೆ. ಔಷಧಿ ಕೋಣೆಯವನು ಬಟ್ಟೆ ಹಿಡಿದುಕೊಂಡು ಓಡಿಬಂದು, ಲೋಟ ಬಿಸಿ ಇತ್ತು, ಲೋಟ ಬಿಸಿ ಇತ್ತು ಎಂದು ಲೋಟವನ್ನೇ ಬೈದ. ಮೇಡಂ ತಮ್ಮ ಕರವಸ್ತ್ರ ತೆಗೆದು ಡಾಕ್ಟರಿಗೆ ಕೊಟ್ಟರು, ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಆ ನೋಟದಲ್ಲಿ ಏನೋ ಇದೆ ಎಂದು ಅಕ್ಕನಿಗೆ ಅನಿಸಿತು. ಡಾಕ್ಟರನ್ನು ಬುಟ್ಟಿಗೆ ಹಾಕಿಕೊಳ್ಳಲು ಹೊಂಚು ಹಾಕುತ್ತಿದ್ದಾಳೆ ಈ ಬಸ್ಸಿನವಳು ಎಂದು ಪಿತ್ತ ನೆತ್ತಿಗೇರಿತು.

ಮನೆಗೆ ಹೋದರೆ ಅಲ್ಲಿ ಬೀಗಿತ್ತಿಯ ವಿಚಾರಣೆ. ಯಾರೋ ದೊಡ್ಡ ಡಾಕ್ಟರಮ್ಮ ತಪಾಸಣೆಗೆ ಬಂದಿದ್ದಾರಂತೆ, ಏನು ತಪ್ಪು ನಡೆದಿದೆ ಅಲ್ಲಿ, ಸುಮ್ಮನೆ ಯಾರಾದರೂ ಬರುತ್ತಾರೆಯೇ ಎಂದು. ತಪ್ಪಲ್ಲ, ದುಡ್ಡು ಕೊಡಲು ಬಂದಿದ್ದಾರೆ ಎಂದು ಅಕ್ಕ ಹೇಳಿದಳು. ಸುಮ್ಮನೆ ದುಡ್ಡು ಕೊಡಲು ಯಾರು ಬರುತ್ತಾರೆ ಎಂದಳು ಬೀಗಿತ್ತಿ. ತಾನು ಎರಡು ದಿನದಿಂದ ಮನಸ್ಸಿನಲ್ಲಿ ಹೇಳಿಕೊಳ್ಳುತ್ತಿದ್ದ ಮಾತೇ ಬೀಗಿತ್ತಿಯ ಬಾಯಲ್ಲಿ ಬಂದದ್ದು ಕೇಳಿ ಅಕ್ಕನಿಗೆ ಮುಜುಗರವಾಯಿತು.

ಮೂರನೇ ದಿನ ಬೆಳಿಗ್ಗೆ ಎಂಟಕ್ಕೆ ಸೊಸೆಗೆ ನೋವು ಶುರುವಾಯಿತು. ಒಂಬತ್ತಕ್ಕೆ ಆಸ್ಪತ್ರೆ, ಸಂಜೆ ನಾಲ್ಕರ ಹೊತ್ತಿಗೆ ಹೆರಿಗೆ ಮೇಜು. ಹುಡುಗಿ ಗಟ್ಟಿಗಿತ್ತಿ, ಹಲ್ಲು ಕಚ್ಚಿಕೊಂಡು ಅತ್ತೆಯ ಮುಖವನ್ನೇ ನೋಡುತ್ತಿದ್ದಳು. ಮಗು ಸ್ವಲ್ಪ ದೊಡ್ಡದಿದೆ ಎಂದು ಅಕ್ಕನಿಗೆ ಕೈಯಲ್ಲೇ ಗೊತ್ತಾಗಿತ್ತು, ಆದರೂ ದಾರಿ ಸರಿಯಿತ್ತು, ಎದೆಬಡಿತ ಚೆನ್ನಾಗಿತ್ತು. ಇಂಥವನ್ನು ನೂರಾರು ಮಾಡಿಸಿದವಳು ಅವಳು. ಹೊರಗೆ ಬೀಗಿತ್ತಿ ಬಾಗಿಲಿಗೆ ಅಂಟಿಕೊಂಡೇ ಬೆಂಚು ಹಾಕಿಸಿಕೊಂಡು ಕೂತಿದ್ದಳು.

ಆಗ ಬಾಗಿಲು ತೆರೆದು ಬಸ್ಸಿನ ಮೇಡಂ ಒಳಗೆ ಬಂದರು. ನೋಡಬಹುದೇ ಎಂದು ಮೊದಲು ಸೊಸೆಯನ್ನು ಕೇಳಿದರು, ಆಮೇಲೆ ಅಕ್ಕನನ್ನು. ಬೇಡ ಅನ್ನುವುದು ಹೇಗೆ. ಅಕ್ಕ ಎರಡನೇ ನರ್ಸಿನ ಕಿವಿಯಲ್ಲಿ, ಡಾಕ್ಟರನ್ನು ಕರೆದುಕೊಂಡು ಬಾ, ಗೌನು ಹಾಕಿಸಿಯೇ ಕರೆದುಕೊಂಡು ಬಾ ಎಂದಳು. ಡಾಕ್ಟರು ಬಂದರು. ಬಾಗಿಲಲ್ಲಿ ಬೀಗಿತ್ತಿ ಅವರಿಗೆ ಕೈಮುಗಿದು, ನನ್ನ ಮಗಳು ನಿಮ್ಮ ಕೈಲಿದ್ದಾಳೆ ಎಂದದ್ದು ಒಳಗೂ ಕೇಳಿಸಿತು. ಡಾಕ್ಟರು ಮೇಜಿನ ಬುಡಕ್ಕೆ ಬಂದು ನಿಂತರು, ಅಕ್ಕ ಪಕ್ಕಕ್ಕೆ ಸರಿದಳು. ನಾಲ್ಕು ವರ್ಷದಲ್ಲಿ ಮೊದಲ ಸಲ ಆ ಜಾಗ ಬಿಟ್ಟುಕೊಟ್ಟು, ಟ್ರೇ ಹಿಡಿಯುವವಳ ಜಾಗದಲ್ಲಿ ನಿಂತಳು. ಅವಳ ಲೆಕ್ಕ ಸರಳವಿತ್ತು. ಮಗು ತಾನಾಗಿ ಬರುತ್ತದೆ, ಬಂದ ಮಗುವನ್ನು ಡಾಕ್ಟರು ಬಟ್ಟೆಯಲ್ಲಿ ಹಿಡಿದರೆ ಸಾಕು, ಅಷ್ಟನ್ನು ನಡುಗುವ ಕೈಯೂ ಮಾಡುತ್ತದೆ.

ತಲೆ ಬಂತು. ಅಲ್ಲಿಗೆ ನಿಂತಿತು. ಬಂದ ತಲೆ ಮತ್ತೆ ಒಳಕ್ಕೆ ಎಳೆದುಕೊಂಡ ಹಾಗಾಗಿ ಕೆನ್ನೆ ಉಬ್ಬಿಕೊಂಡು ಕೂತುಬಿಟ್ಟಿತು. ಭುಜ ಒಳಗೆ ಮೂಳೆಗೆ ಸಿಕ್ಕಿಕೊಂಡಿದೆ ಎಂದು ಆ ಕೋಣೆಯಲ್ಲಿದ್ದ ಮೂವರಿಗೆ ಅದೇ ಕ್ಷಣ ಗೊತ್ತಾಯಿತು. ಹೀಗಾದಾಗ ಮಗುವಿಗೆ ಉಸಿರು ಸಿಗುವುದಿಲ್ಲ, ಕಾಯುವುದಕ್ಕೆ ಹೊತ್ತಿರುವುದಿಲ್ಲ.

ಡಾಕ್ಟರು ಕೈ ಮುಂದೆ ತಂದರು. ಗ್ಲೌಸಿನೊಳಗೆ ಬೆರಳುಗಳು ಒಂದಕ್ಕೊಂದು ತಾಗುವ ಹಾಗೆ ನಡುಗುತ್ತಿದ್ದವು. ಅವರು ಕೈ ಹಿಂದಕ್ಕೆ ತೆಗೆದುಕೊಂಡರು.

“ಅಕ್ಕಾ, ಬಾ,” ಎಂದರು.

ಅಕ್ಕ ಕದಲಲಿಲ್ಲ. ಎದುರಿಗೆ ಗೋಡೆಯ ಹತ್ತಿರ ಬಸ್ಸಿನ ಮೇಡಂ ನಿಂತು ಅವಳನ್ನೇ ನೋಡುತ್ತಿದ್ದರು. ಹೋದರೆ ಎಲ್ಲ ಹೊರಬಿತ್ತು, ನಾಳೆ ಈ ಬಾಗಿಲಿಗೆ ಬೀಗ ಎಂದು ತಲೆ ಹೇಳಿತು. ಒಂದು ಉಸಿರು. ಡಾಕ್ಟರೇ ಹೇಗಾದರೂ ಮಾಡಿಬಿಡಲಿ ದೇವರೇ ಎಂದುಕೊಂಡಳು. ಎರಡು. ಮೇಡಂ ಆಚೆ ತಿರುಗಬಾರದೇ, ಒಂದು ಗಳಿಗೆ ಹೊರಗೆ ಹೋಗಬಾರದೇ. ಮೂರು. ಸೊಸೆ ತಲೆ ಎತ್ತಿದಳು. ಡಾಕ್ಟರ ಕಡೆ ನೋಡಲಿಲ್ಲ, ಮೇಡಂ ಕಡೆ ನೋಡಲಿಲ್ಲ. ಅತ್ತೇ ಎನ್ನುವಷ್ಟು ಉಸಿರೂ ಆ ಹುಡುಗಿಯಲ್ಲಿ ಉಳಿದಿರಲಿಲ್ಲ, ಬರೀ ತುಟಿಯಾಡಿತು. ನಾಲ್ಕು.

ಅಕ್ಕ ಟ್ರೇಯನ್ನು ಅಲ್ಲೇ ಬಿಟ್ಟಳು. ಅದು ನೆಲಕ್ಕೆ ಬಿದ್ದ ಸದ್ದು ಅವಳಿಗೆ ಕೇಳಿಸಲೇ ಇಲ್ಲ. ಎರಡನೇ ನರ್ಸಿಗೆ ಸೊಸೆಯ ಮಂಡಿಗಳನ್ನು ಹೊಟ್ಟೆಗೆ ಒತ್ತಿ ಹಿಡಿ ಎಂದಳು, ಡಾಕ್ಟರಿಗೆ ಕಿಬ್ಬೊಟ್ಟೆಯ ಮೇಲಿಂದ ಒತ್ತಿ ಎಂದಳು. ಒತ್ತಲು ನಡುಗುವ ಕೈಯೂ ಸಾಕು, ಡಾಕ್ಟರು ತಮ್ಮ ಮೈಭಾರ ಬಿಟ್ಟು ಸರಿಯಾದ ಜಾಗದಲ್ಲೇ ಒತ್ತಿದರು. ಅಕ್ಕನ ಎಡಗೈ ಒಳಗೆ ಹೋಗಿ ಹಿಂದಿನ ಭುಜವನ್ನು ಹುಡುಕಿತು. ಮೊಣಕೈ ಸಿಕ್ಕಿತು, ಮಡಚಿತು, ಮಗುವಿನ ಮುಖದ ಮೇಲೆ ಸವರಿದ ಹಾಗೆ ಆ ಪುಟ್ಟ ಕೈ ಹೊರಗೆ ಬಂತು. ಅದರ ಹಿಂದೆಯೇ ಮಗು ಜಾರಿಕೊಂಡು ಬಂತು. ನೀಲಿಗಟ್ಟಿತ್ತು. ಒರೆಸಿದಳು, ಬೆನ್ನು ಉಜ್ಜಿದಳು. ಅದು ಒಮ್ಮೆ ಮುಖ ಕಿವುಚಿ, ಇಷ್ಟು ಹೊತ್ತು ಏನು ಮಾಡುತ್ತಿದ್ದಿರಿ ಎಂದು ಗದರಿದ ಹಾಗೆ ಅತ್ತಿತು. ಹೆಣ್ಣು ಮಗು. ಹೊರಗಿನಿಂದ ಬೀಗಿತ್ತಿಯೂ ಅತ್ತದ್ದು ಕೇಳಿಸಿತು.

ಅಕ್ಕ ತಲೆಯೆತ್ತಿದಾಗ ಮೇಡಂ ಗೋಡೆಯ ಹತ್ತಿರ ಇರಲಿಲ್ಲ. ಮೇಜಿನಿಂದ ಒಂದು ಹೆಜ್ಜೆ ದೂರದಲ್ಲಿದ್ದರು. ಎರಡೂ ಕೈಗೆ ಗ್ಲೌಸ್ ಹಾಕಿಕೊಂಡಿದ್ದರು. ಸುಮ್ಮನೆ ನೋಡಲು ಬಂದವರು ಗ್ಲೌಸ್ ಹಾಕಿಕೊಂಡು ಬರುವುದಿಲ್ಲ. ಅಕ್ಕನಿಗೆ ಆಗ ಅರ್ಥವಾಯಿತು, ಈ ಹೆಂಗಸಿಗೆ ಡಾಕ್ಟರ ಕೈಯ ವಿಷಯ ಮೊದಲೇ ಗೊತ್ತಿತ್ತು.

ಎಲ್ಲ ಮುಗಿದು, ಎರಡು ಹೊಲಿಗೆಯನ್ನೂ ಎಲ್ಲರೆದುರು ಎಡಗೈಯಲ್ಲೇ ಹಾಕಿ, ಮಗುವನ್ನು ಹೊರಗೆ ಅಜ್ಜಿಯ ಕೈಗೆ ಕಳಿಸಿದ ಮೇಲೆ, ಕೈ ತೊಳೆಯುವ ತೊಟ್ಟಿಯ ಹತ್ತಿರ ಮೂವರೂ ನಿಂತರು. ಯಾರು ಹೇಳಿದ್ದು ನಿಮಗೆ ಎಂದು ಅಕ್ಕ ನೇರವಾಗಿ ಕೇಳಿದಳು. ಔಷಧಿ ಕೋಣೆಯವನೇ, ಬಟ್ಟೆ ಒಗೆಯುವವಳೇ ಎಂದು ಮನಸ್ಸು ಒಬ್ಬೊಬ್ಬರ ಕುತ್ತಿಗೆ ಹಿಡಿಯುತ್ತಿತ್ತು.

“ನಾನೇ,” ಎಂದರು ಡಾಕ್ಟರು. “ಮೊದಲ್ನೇ ದಿನಾನೇ ಹೇಳ್ದೆ. ನನ್ನ ಹೆಸರು ನೋಡಿ ಹುಡುಗರನ್ನ ಕಳಿಸ್ಬೇಡಿ, ಈಕೆ ಕೈ ನೋಡಿ ಕಳಿಸಿ ಅಂದೆ. ನಿನಗೆ ಹೇಳೋಕೆ ಹೊರಟ್ರೆ ನೀನು ನನ್ನ ಎಡಗೈಯವನ್ನ ಮಾಡ್ಬಿಟ್ಟೆ.”

ಅಕ್ಕನಿಗೆ ಅಳಬೇಕೋ ಬೈಯಬೇಕೋ ತಿಳಿಯಲಿಲ್ಲ. ನಾಲ್ಕು ವರ್ಷ ಕಣ್ಣಲ್ಲಿ ಎಣ್ಣೆ ಬಿಟ್ಟುಕೊಂಡು ಯಾರ ಮಾನ ಕಾದಿದ್ದಳೋ ಅವರೇ ಅರ್ಧ ಗಂಟೆಯ ಚಹಾದಲ್ಲಿ ಎಲ್ಲ ಒಪ್ಪಿಸಿಬಿಟ್ಟಿದ್ದರು. ಕೋಪವನ್ನು ಡಾಕ್ಟರ ಮೇಲೆ ತೀರಿಸಿಕೊಳ್ಳಲಾಗದೆ ಮೇಡಂ ಕಡೆ ತಿರುಗಿದಳು. ಗೊತ್ತಿದ್ದೂ ಮೂರು ದಿನ ನನ್ನನ್ನು ಯಾಕೆ ಕುಣಿಸಿದಿರಿ ಎಂದಳು.

ಮೇಡಂ ಸಮಾಧಾನವಾಗಿಯೇ ಹೇಳಿದರು. ಹೆರಿಗೆ ಯಾರು ಮಾಡಿಸುತ್ತಾರೆ ಎಂದು ಕೇಳಿದೆ, ಸಹಿಯ ಬಗ್ಗೆ ಕೇಳಿದೆ, ಹೊಲಿಗೆಯ ಬಗ್ಗೆ ಕೇಳಿದೆ, ಪ್ರತಿಸಲವೂ ನೀವಾಗಿಯೇ ಹೇಳುತ್ತೀರಿ ಎಂದು ಕಾದೆ. ಈ ಅನುದಾನದಲ್ಲಿ ಕಲಿಸುವ ಡಾಕ್ಟರನ್ನು ಹೊರಗಿನಿಂದ ಕರೆಸಲು ಅವಕಾಶ ಇದೆ. ಡಾಕ್ಟರ ಕೈ ನಡುಗಿದರೆ ಯಾವ ಕೋಣೆಗೂ ಬೀಗ ಬೀಳುವುದಿಲ್ಲ. ಸಹಿಯ ತಪ್ಪಿಗೆ ಡಾಕ್ಟರೂ ನೀವೂ ಉತ್ತರ ಕೊಡಬೇಕಾಗುತ್ತದೆ, ಅದು ಬೇರೆ ಮಾತು, ಅದನ್ನು ದಾಟಬಹುದು. ಕೆಲಸ ಕಲಿಸುವ ಕೈ ಇಲ್ಲಿದೆ ಎಂದು ನಾನು ನಿನ್ನೆಯೇ ಒಪ್ಪಿಕೊಂಡಾಗಿದೆ.

ಅಕ್ಕನ ಎದೆಯ ಮೇಲಿನ ಕಲ್ಲು ಇಳಿಯುವಷ್ಟರಲ್ಲಿ ಮೇಡಂ ಮಾತು ಮುಂದುವರಿಸಿದರು.

“ಕೈ ಬಗ್ಗೆ ನಂಗೆ ಅನುಮಾನ ಇಲ್ಲ. ಆದ್ರೆ ಡಾಕ್ಟ್ರು ಬಾ ಅಂದ್ಮೇಲೂ ನೀವು ನಾಲ್ಕು ಉಸಿರು ನಿಂತ್ರಿ. ನಿಮ್ಮ ಮೊಮ್ಮಗು ಅದು. ಯಾಕೆ ನಿಂತ್ರಿ?”

ನಲ್ಲಿಯ ನೀರು ಸುರಿಯುತ್ತಲೇ ಇತ್ತು. ಅಕ್ಕ ಅದನ್ನು ನಿಲ್ಲಿಸಿದಳು. ಹೇಳಲು ಏನೇನೋ ಇತ್ತು, ಬೀಗ, ಪಕ್ಕದೂರು, ಜೀಪಿನಲ್ಲಿ ಹೆತ್ತವರು.

“ನೀವೂ ನಿಂತಿದ್ರಲ್ಲ,” ಎಂದಳು ಕೊನೆಗೆ. “ಗ್ಲೌಸ್ ಹಾಕ್ಕೊಂಡು.”

“ಹೌದು. ನೀವು ಬಂದೇ ಬರ್ತೀರಿ ಅಂತ ನಿಂತೆ. ಅದು ನನ್ನ ತಪ್ಪು. ನಾಳೆ ಸಮಿತಿ ಮುಂದೆ ಅದನ್ನ ನಾನೇ ಹೇಳ್ತೀನಿ. ನಿಮ್ಮ ಭಾಗ ನೀವು ಹೇಳ್ಬೇಕು, ಎಷ್ಟು ಹೊತ್ತು ತಡ ಆಯ್ತು, ಯಾಕಾಯ್ತು ಅಂತ. ಇಲ್ಲಿಗೆ ಕಲಿಯೋಕೆ ಬರೋವ್ರು ಭುಜ ಬಿಡಿಸೋದನ್ನ ನಿಮ್ಮಿಂದ ಕಲೀತಾರೆ. ಮುಚ್ಚಿಡೋದನ್ನೂ ನಿಮ್ಮಿಂದಾನೇ ಕಲಿತ್ರೆ ನಾನು ಅವ್ರನ್ನ ಕಳಿಸೋಕಾಗಲ್ಲ.”

ಹೇಳದಿದ್ದರೆ ಎಂದು ಅಕ್ಕ ಕೇಳಲಿಲ್ಲ. ಹೇಳದಿದ್ದರೆ ಅನುದಾನ ಇಲ್ಲ, ಹೊಸ ಡಾಕ್ಟರು ಇಲ್ಲ. ಇನ್ನೆರಡು ವರ್ಷಕ್ಕೆ ತನಗೆ ನಿವೃತ್ತಿ, ಅವತ್ತು ಈ ಕೋಣೆಗೆ ಬೀಗ ಹಾಕಲು ಯಾರೂ ಬರಬೇಕಾಗಿಲ್ಲ, ತಾನೇ ಹಾಕಿಕೊಂಡು ಹೋಗಬೇಕಾಗುತ್ತದೆ. ಇಷ್ಟು ಅವಳಿಗೆ ಗೊತ್ತಾಯಿತು. ಆರು ಜನರ ಮುಂದೆ ಹೇಳುವುದು ಕಷ್ಟವಲ್ಲ, ಅವರು ಅಪರಿಚಿತರು, ಬಂದ ದಾರಿಯಲ್ಲಿ ಹೋಗುವವರು. ಹೇಳಲೇಬೇಕೆಂದಾದರೆ ಮೊದಲು ಹೇಳಬೇಕಾದವಳು ಬಾಗಿಲಾಚೆ ಬೆಂಚಿನ ಮೇಲೆ ಕೂತಿದ್ದಾಳೆ.

ಬೀಗಿತ್ತಿ ಮಗುವನ್ನು ಮಡಿಲಲ್ಲಿಟ್ಟುಕೊಂಡು, ಜನ್ಮದಲ್ಲಿ ಮೊದಲ ಸಲ ಯಾವ ಅನುಮಾನವೂ ಇಲ್ಲದ ಮುಖ ಮಾಡಿಕೊಂಡಿದ್ದಳು. 

“ಡಾಕ್ಟ್ರು ದೇವ್ರು ಕಣ್ರೀ,” ಎಂದಳು. “ನೀವು ಹೇಳ್ದಾಗ ನಾನು ನಂಬ್ಲಿಲ್ಲ. ತಪ್ಪಾಯ್ತು.”

ಹೌದು ಎಂದು ತಲೆಯಾಡಿಸಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ಇಬ್ಬರೂ ಜೀವಮಾನವಿಡೀ ಒಳ್ಳೆಯ ಬೀಗರಾಗಿ ಬದುಕುತ್ತಿದ್ದರು. ಅಕ್ಕ ಬೆಂಚಿನ ತುದಿಯಲ್ಲಿ ಕೂತಳು. ಮಗುವಿನ ಬಲತೋಳಿನಲ್ಲಿ ತನ್ನ ಬೆರಳು ಒತ್ತಿದ ಕೆಂಪು ಗುರುತು ಕಾಣುತ್ತಿತ್ತು.

“ಡಾಕ್ಟ್ರಲ್ಲ ಬೀಗಿತ್ತಿಯವ್ರೇ, ಮಾಡಿಸಿದ್ದು ನಾನು. ಅವ್ರ ಕೈ ನಡುಗತ್ತೆ. ನಿಮ್ಗೆ ಸುಳ್ಳು ಹೇಳಿದ್ದೆ. ಮತ್ತೆ ಮಗು ಸಿಕ್ಕಿಕೊಂಡಿದ್ದಾಗ ಆ ಸುಳ್ಳು ಉಳಿಸ್ಕೊಳ್ಳೋಕೆ ನಾನು ನಾಲ್ಕು ಉಸಿರು ಸುಮ್ನೆ ನಿಂತಿದ್ದೆ.”

ಬೀಗಿತ್ತಿ ಬೈಯುತ್ತಾಳೆ ಎಂದು ಅಕ್ಕ ಕಾದಳು. ಬೈದಿದ್ದರೆ ಎಷ್ಟೋ ಹಗುರವಾಗುತ್ತಿತ್ತು. ಬೀಗಿತ್ತಿ ಮಗುವನ್ನು ಅಕ್ಕನ ಕಡೆಯ ತೋಳಿನಿಂದ ಎತ್ತಿ ಆಚೆ ಕಡೆಯ ತೋಳಿಗೆ ಹಾಕಿಕೊಂಡಳು.

ಅಕ್ಕನಿಗೆ ಎದ್ದು ಹೋಗಿಬಿಡೋಣ ಅನಿಸಿತು. ಹೋಗಲಿಲ್ಲ. ಅಲ್ಲೇ ಕೂತು, ಡಾಕ್ಟರ ಕೈ ಮೊದಲ ಸಲ ನಡುಗಿದ ದಿನದಿಂದ ಶುರುಮಾಡಿ, ಒಂದೊಂದಾಗಿ ಹೇಳತೊಡಗಿದಳು.